ಕತ್ತಲಲ್ಲೇ ಚೆಕ್

ಎಲ್ಕೋದಲ್ಲಿ ಮರಗಳು ಕಡಿಮೆ.
ಎಲೆಗಳು ಐವತ್ತೆರಡು, ಅವೂ ನನ್ನ ಕೈಯಲ್ಲಿ.
ಎಲ್ಲ ಋತುವಿನಲ್ಲೂ ಉದುರುತ್ತವೆ,
ಗುಡಿಸಿ, ಕಲೆಸಿ, ಮತ್ತೆ ಉದುರಿಸುತ್ತೇನೆ.

ಇಪ್ಪತ್ತಾರು ವರ್ಷದ ಕೆಲಸ.
ಮೇಲಿನ ಎಲೆಯನ್ನು ಮುಖ ತೋರಿಸದೆ ಪಕ್ಕಕ್ಕಿಡುವುದು,
ಅದಕ್ಕೆ ನಾವು ಸುಡುವುದು ಅನ್ನುತ್ತೇವೆ,
ಬೆಂಕಿಯಿಲ್ಲ, ಬೂದಿಯೂ ಇಲ್ಲ.
ಅದರ ಕೆಳಗಿನದನ್ನು ಮಗುಚುವುದು.
ನಾನಿನ್ನೂ ಸುಟ್ಟೇ ಇರುವುದಿಲ್ಲ,
ಮೊದಲ ಸರದಿ ತನ್ನದಾದಾಗೆಲ್ಲ
ಇರಿಬಾರೆನ್ ಮುದುಕ ಎರಡು ಬೆರಳಲ್ಲಿ ಮೇಜು ತಟ್ಟುತ್ತಾನೆ:
ಚೆಕ್, ಕತ್ತಲಲ್ಲೇ.

ಅವನ ಅಜ್ಜ ಬಾಸ್ಕ್ ನಾಡಿನಿಂದ ಕುರಿ ಕಾಯಲು ಬಂದವನು.
ಇವನು ಗಣಿಯಲ್ಲಿ ಬಂಡೆ ಸಿಡಿಸುತ್ತಿದ್ದ,
ಬಲಗಿವಿಯನ್ನು ಅಲ್ಲೇ ಬಿಟ್ಟು ನಿವೃತ್ತನಾದ.
ಹೊಸಬರು ಎಡಗಿವಿಯ ಕಡೆಗೆ ಬಾಗಿ ಕೇಳುತ್ತಾರೆ,
ಯಾಕಜ್ಜಾ, ನೋಡೋದಕ್ಕೆ ಕಾಸು ಕೊಡಬೇಕೇ?
ನೋಡಿ ಹೇಳಬಾರದೇ?

ನೋಡಿದ ಮೇಲೆ ನನ್ನ ಹುಬ್ಬು ನನ್ನ ಮಾತು ಕೇಳೋದಿಲ್ಲ, ಅನ್ನುತ್ತಾನೆ.
ಗ್ರಾಸಿಯಾನ್ ನಲವತ್ತು ವರ್ಷ ಇದನ್ನೇ ಓದಿದಳು,
ಬೆಳಗಿನ ಪೇಪರಿನ ಹಾಗೆ, ಕಾಫಿ ಹೀರುತ್ತಾ.
ಬಾಯಿ ಮೊದಲೇ ಮುಗಿಸಿಬಿಟ್ಟರೆ
ಹುಬ್ಬು ಆಮೇಲೆ ಏನಾದರೂ ಮಾಡಿಕೊಳ್ಳಲಿ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು
ಜನ ನಗುತ್ತಾರೆ, ನಗಲಿ.
ನಾನೂ ಹೆಣೆದಿದ್ದೆ ಒಂದು, ಹಳದಿ ಉಣ್ಣೆಯದು,
ಎಂಟನೇ ತಿಂಗಳಲ್ಲಿ, ಪಾಳಿಯ ಬಿಡುವಿನಲ್ಲಿ,
ಇನ್ನೂ ಕಾಣದ ತಲೆಯೊಂದರ ಅಳತೆ ಊಹಿಸಿ.
ತೀರಾ ದೊಡ್ಡದಾಯಿತು.
ಮಗಳಿಗೆ ಅದು ಸರಿಹೋದದ್ದು ಮೂರನೇ ಚಳಿಗಾಲಕ್ಕೆ,
ಅಷ್ಟರಲ್ಲಿ ಹಳದಿ ಬಣ್ಣ ಅವಳಿಗೆ ಬೇಡವಾಗಿತ್ತು.

ಜನವರಿಯ ಆ ರಾತ್ರಿ ಹೊರಗೆ ಗಾಳಿ ಕೂಡ ಹೆಪ್ಪುಗಟ್ಟಿತ್ತು.
ಗಣಿಯ ಬಸ್ಸು ಪಾಳಿಯವರನ್ನು ಇಳಿಸಿ ಹೋಗಿತ್ತು,
ಎಲ್ಲರ ಬೂಟಿನಿಂದಲೂ ಕಂಬಳಿಯ ಮೇಲೆ ಕೆಸರು.
ಮೇಜಿನ ನಡುವೆ ಆಟೀನು ರಾಣಿ,
ಎರಡು ಒಂಬತ್ತು, ಒಂದು ಕಪ್ಪು ಮತ್ತೊಂದು ಕಪ್ಪು,
ಡೈಮಂಡಿನ ಎರಡು.
ಉಳಿದವರು ಮುದುಕ, ಮತ್ತೆ ಥೇನ್ ಆಕರ್ಮನ್,
ಇಪ್ಪತ್ಮೂರರ ಹುಡುಗ, ಮನೆಯಷ್ಟು ದೊಡ್ಡ ಲಾರಿ ಓಡಿಸುವವನು.

ನನ್ನ ಕೈ ಕಟ್ಟಿನ ಮೇಲಿತ್ತು.
ಎರಡು ಬೆರಳಿನ ಸದ್ದಿಗೆ ಕಾದೆ.
ಬರಲಿಲ್ಲ.
ಮುದುಕ ಎರಡು ಅಂಗೈಯನ್ನೂ ಚಿಪ್ಪುಗಳ ಹಿಂದಿಟ್ಟು
ಬೆಕ್ಕನ್ನು ಸೋಫಾದಿಂದ ಸರಿಸುವಂತೆ
ಇದ್ದದ್ದನ್ನೆಲ್ಲ ಮುಂದೆ ಸರಿಸಿದ.
ಕತ್ತಲಲ್ಲೇ, ಅಂದ.

ಎಲ್ಲೋ ಗೂಡ್ಸ್ ರೈಲು ಕೂಗಿತು, ಅವನಿಗೆ ಅರ್ಧ ಕೇಳಿಸಿರಬೇಕು.
ಒಂದು ಸುಟ್ಟೆ. ಒಂದು ಮಗುಚಿದೆ.
ಕಳಾವರ್ ನಾಲ್ಕು.
ಯಾವ ಮದುವೆಗೂ ಕರೆಯದ ನೆಂಟನಂಥ ಎಲೆ.

ಹುಬ್ಬು ಎದ್ದಿತು. ಏಳದೆ ಇರುತ್ತದೆಯೇ?
ಎದ್ದು, ಇಳಿದು, ಮತ್ತೆ ಅರ್ಧ ಎದ್ದು ನಿಂತಿತು.
ಥೇನ್ ಅದನ್ನೇ ಓದಿದ, ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ,
ನಾಲ್ಕು ನಿಮಿಷ.
ಹೇಳಿ ಮುಗಿಸಿದವನ ಮುಖದಲ್ಲಿ ಓದಲು ಏನಿರುತ್ತದೆ,
ವಾಲಗದವರು ಹೋದ ಮೇಲಿನ ಚಪ್ಪರ ಅದು.
ಒಮ್ಮೆ ಚಿಪ್ಪು ಎಣಿಸಿದ. ಒಮ್ಮೆ ನನ್ನನ್ನು ನೋಡಿದ,
ನನಗೇನೋ ಗೊತ್ತಿರುವ ಹಾಗೆ.
ಕೊನೆಗೆ ತನ್ನ ಎಲೆಗಳನ್ನು ಮೆಲ್ಲಗೆ ಎಸೆದ.

ಮುದುಕನೂ ತನ್ನ ಎರಡನ್ನು ನನ್ನತ್ತ ದೂಡಿದ, ಬೋರಲಾಗಿ.
ಅವುಗಳನ್ನು ನೋಡುವ ಹಕ್ಕು ನನಗಿಲ್ಲ,
ನೋಡಲಿಲ್ಲ.
ಮುಟ್ಟಿದ್ದು ಮಾತ್ರ ನಿಜ.
ಒಂದರ ಮೂಲೆ ಕೊಂಚ ಬಾಗಿತ್ತು,
ಹೆಬ್ಬೆರಳಲ್ಲಿ ಎತ್ತಿ ಇಣುಕಿದ ಗುರುತು.
ಇನ್ನೊಂದು
ನಾನು ಹಂಚಿದಾಗ ಹೇಗಿತ್ತೋ ಹಾಗೇ, ಚಪ್ಪಟೆ.

ಎರಡನ್ನೂ ಕಲೆಸಿಬಿಟ್ಟೆ.

ನಾಲ್ಕು ಗಂಟೆಗೆ ಪಾಳಿ ಮುಗಿಯಿತು.
ಕಾರಿನ ಗಾಜಿನ ಮೇಲೆ ಬೆರಳ ದಪ್ಪ ಹಿಮ.
ನಾನು ಅಂಥವಳಲ್ಲ.
ಪೂರ್ತಿ ಕೆರೆದೇ ಹೊರಟೆ,
ಹಿಂದಿನ ಗಾಜನ್ನೂ.